ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವಾಗ: ಎಕ್ಸ್‌ಚೇಂಜ್ ಬೆಲೆಯ ಚೌಕಾಸಿಗೊಂದು ಸಮಗ್ರ ಮಾರ್ಗದರ್ಶಿ

ಶೋರೂಮಿನಲ್ಲಿ ಕುರ್ಚಿ ಎಳೆದು ಕುಳಿತ ಐದು ನಿಮಿಷದೊಳಗೆ, ಕಾಫಿ ಬರುವುದಕ್ಕೂ ಮೊದಲೇ, ಒಂದು ಪ್ರಶ್ನೆ ಬರುತ್ತದೆ: "ಎಕ್ಸ್‌ಚೇಂಜ್ ಏನಾದ್ರೂ ಇದೆಯಾ ಸರ್?" ಇದೆ ಎಂದು ನಾವು ತಲೆಯಾಡಿಸಿದ ಕ್ಷಣದಿಂದ ಆ ಮೇಜಿನ ಮೇಲೆ ಎರಡು ವ್ಯಾಪಾರಗಳು ಒಟ್ಟಿಗೆ ನಡೆಯತೊಡಗುತ್ತವೆ. ಒಂದರಲ್ಲಿ ನಾವು ಕೊಳ್ಳುವವರು, ಇನ್ನೊಂದರಲ್ಲಿ ಮಾರುವವರು. ಎದುರಿಗಿರುವವರಾದರೋ ಎರಡರಲ್ಲೂ ದಿನಬೆಳಗಾದರೆ ಪಳಗಿದವರು. ಹೊಸ ಕಾರಿನ ರಿಯಾಯಿತಿಯನ್ನು ಹತ್ತು ಸಾವಿರ ಇಳಿಸಿ ಹಳೆಯ ಕಾರಿನ ಬೆಲೆಯನ್ನು ಹತ್ತು ಸಾವಿರ ಏರಿಸಿದರೆ ಅವರಿಗೆ ನಷ್ಟವೇನೂ ಇಲ್ಲ, ಆದರೆ ನಮಗೆ ಗೆದ್ದ ಭಾವನೆ ಬರುತ್ತದೆ. ಈ ಜೇಬಿನಿಂದ ತೆಗೆದು ಆ ಜೇಬಿಗೆ ಹಾಕುವ ಈ ಕೈಚಳಕವನ್ನು ಗುರುತಿಸುವುದಷ್ಟೇ ಎಕ್ಸ್‌ಚೇಂಜ್ ಚೌಕಾಸಿಯ ಅರ್ಧ ವಿದ್ಯೆ. ಉಳಿದರ್ಧ ಕಾಗದಪತ್ರಗಳದ್ದು, ಮತ್ತು ಅದನ್ನು ಹೆಚ್ಚಿನವರು ಕಡೆಗಣಿಸುತ್ತಾರೆ.

ನಾನು ಈವರೆಗೆ ಮೂರು ಬಾರಿ ಹಳೆಯ ಕಾರು ಕೊಟ್ಟು ಹೊಸದನ್ನು ತಂದಿದ್ದೇನೆ. ಮೊದಲನೆಯ ಸಲ ಚೆನ್ನಾಗಿಯೇ ಟೋಪಿ ಹಾಕಿಸಿಕೊಂಡೆ. ಮುಂದೆ ಬರೆದಿರುವುದರಲ್ಲಿ ಬಹುಪಾಲು ಆ ಸಲದ ಪಾಠ.

ಮೊದಲು ಒಂದೇ ಸಂಖ್ಯೆಯನ್ನು ಹಿಡಿಯಿರಿ

ಹಳೆಯ ಕಾರಿಗೆ ಎಷ್ಟು ಬಂತು ಎಂದು ನೆಂಟರಿಷ್ಟರು ಕೇಳುತ್ತಾರೆ, ನಾವೂ ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನಿಜಕ್ಕೂ ನೋಡಬೇಕಾದದ್ದು ಹಳೆಯ ಕಾರು ಕೊಟ್ಟ ಮೇಲೆ ನಮ್ಮ ಕೈಯಿಂದ ಒಟ್ಟು ಎಷ್ಟು ದುಡ್ಡು ಹೋಗುತ್ತದೆ ಎಂಬ ಒಂದೇ ಮೊತ್ತವನ್ನು. ಒಂದು ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗಾಗಿ ಮಾತ್ರ.

ಹೊಸ ಕಾರಿನ ಎಕ್ಸ್-ಶೋರೂಂ ಬೆಲೆ 9,50,000 ರೂಪಾಯಿ, ಜೀವಿತಾವಧಿ ತೆರಿಗೆ ಹಾಗೂ ನೋಂದಣಿ ಸೇರಿ 1,52,000 ಎಂದುಕೊಳ್ಳಿ. ಮೊದಲನೆಯ ಶೋರೂಮಿನವರು ನಿಮ್ಮ ಹಳೆಯ ಕಾರಿಗೆ ಎಕ್ಸ್‌ಚೇಂಜ್ ಬೋನಸ್ ಸೇರಿಸಿ 3,90,000 ಕೊಡುತ್ತೇವೆ ಎನ್ನುತ್ತಾರೆ. ಆದರೆ ನಗದು ರಿಯಾಯಿತಿ ಇಲ್ಲ, ವಿಮೆ ಅವರಲ್ಲೇ ಮಾಡಿಸಬೇಕು, ಅದು 48,000. ಆಕ್ಸೆಸರೀಸ್ ಕಿಟ್ 25,000, ಹ್ಯಾಂಡ್ಲಿಂಗ್ ಚಾರ್ಜ್ 8,000. ಕೂಡಿ ಕಳೆದರೆ ನಿಮ್ಮ ಕೈಯಿಂದ ಹೋಗುವುದು 7,93,000. ಎರಡನೆಯವರು ಹಳೆಯ ಕಾರಿಗೆ 3,55,000 ಎನ್ನುತ್ತಾರೆ, ಬೋನಸ್ ಪ್ರತ್ಯೇಕವಾಗಿ 25,000. ಹೊಸ ಕಾರಿನ ಮೇಲೆ 30,000 ರಿಯಾಯಿತಿ, ವಿಮೆ ಹೊರಗಿನಿಂದ ತಂದರೂ ಅಡ್ಡಿಯಿಲ್ಲ, ಅದು 36,000, ಬೇರೆ ಹೊರೆಯಿಲ್ಲ. ಇಲ್ಲಿ ಹೋಗುವುದು 7,28,000. ಹಳೆಯ ಕಾರಿಗೆ ಹೆಚ್ಚು ಬೆಲೆ ಕಟ್ಟಿದ ಮೊದಲನೆಯವರ ಬಳಿ ಕೊಂಡರೆ ನಿಮಗೆ 65,000 ರೂಪಾಯಿ ಹೆಚ್ಚು ಖರ್ಚು. ನಾನು ಮೊದಲ ಸಲ ಸಿಕ್ಕಿಬಿದ್ದದ್ದು ಇಂಥದೇ ಲೆಕ್ಕದಲ್ಲಿ.

ಆದ್ದರಿಂದ ಪ್ರತಿ ಶೋರೂಮಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲಿಟ್ಟು, ಎಕ್ಸ್-ಶೋರೂಂ ಬೆಲೆ, ರಿಯಾಯಿತಿ, ತೆರಿಗೆ, ವಿಮೆ, ಇತರ ಖರ್ಚು, ಹಳೆಯ ಕಾರಿನ ಬೆಲೆ, ಬೋನಸ್ ಎಂದು ಸಾಲುಸಾಲಾಗಿ ಬರೆದು, ಕೊನೆಯ ಮೊತ್ತಕ್ಕೆ ಗೆರೆ ಎಳೆಯಿರಿ. ಹೊಸ ಕಾರು 10 ಲಕ್ಷ ಮೀರಿದ್ದಾದರೆ ಶೇ 1ರ ಟಿಸಿಎಸ್ (ಮಾರುವವರೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಬಿಲ್ಲಿನಲ್ಲಿ ಬರುತ್ತದೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದ್ದರಿಂದ ಖರ್ಚೆಂದು ಪರಿಗಣಿಸಬೇಕಿಲ್ಲ, ಆದರೆ ಆ ದಿನ ಕೈಯಲ್ಲಿ ಹಣ ಇರಬೇಕು.

ಅವರು ಬೆಲೆ ಕಟ್ಟುವುದು ಹೇಗೆ

ಎದುರಿನವರ ಲೆಕ್ಕ ತಿಳಿಯದೆ ಚೌಕಾಸಿಗೆ ಇಳಿದರೆ ಕತ್ತಲಲ್ಲಿ ಕಲ್ಲು ಎಸೆದ ಹಾಗೆ. ಹೆಚ್ಚಿನ ಶೋರೂಮುಗಳು ನಿಮ್ಮ ಕಾರನ್ನು ತಾವೇ ಗಿರಾಕಿಗೆ ಮಾರುವುದಿಲ್ಲ. ಅವರ ಮೌಲ್ಯಮಾಪಕ ಕಾರಿನ ಸುತ್ತ ತಿರುಗಿ ಹತ್ತಿಪ್ಪತ್ತು ಫೋಟೊ ತೆಗೆದು, ಆರ್‌ಸಿ ಕಾರ್ಡಿನ ಚಿತ್ರದೊಂದಿಗೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುತ್ತಾನೆ. ಅಲ್ಲಿಂದ ಬರುವ ಹೆಚ್ಚಿನ ರೇಟಿನಲ್ಲಿ ಶೋರೂಮಿನ ಪಾಲನ್ನು ಕಳೆದು ಉಳಿದದ್ದನ್ನು ನಿಮಗೆ ಹೇಳುತ್ತಾನೆ. ಅರ್ಧ ಗಂಟೆ ನಿಮ್ಮನ್ನು ಕಾಯಿಸುವುದು ಸಾಮಾನ್ಯವಾಗಿ ಈ ಉತ್ತರಗಳಿಗಾಗಿ. ಮಾರುತಿ ಸುಜುಕಿಯ ಟ್ರೂ ವ್ಯಾಲ್ಯೂ, ಹುಂಡೈನ ಎಚ್ ಪ್ರಾಮಿಸ್, ಟೊಯೋಟಾದ ಯು ಟ್ರಸ್ಟ್ ಮುಂತಾದ ಕಂಪನಿಗಳದೇ ಮಳಿಗೆಗಳಿದ್ದಲ್ಲಿ, ಹೊಸದಾಗಿರುವ ಮತ್ತು ಒಳ್ಳೆಯ ಸ್ಥಿತಿಯಲ್ಲಿರುವ ಕಾರುಗಳನ್ನು ತಾವೇ ಇಟ್ಟುಕೊಂಡು, ಮಿಕ್ಕವನ್ನು ಹೊರಗೆ ಸಾಗಿಸುತ್ತಾರೆ.

ನಿಮ್ಮ ಕಾರನ್ನು ಕೊಂಡ ವ್ಯಾಪಾರಿಯ ತಲೆಯಲ್ಲಿ ಓಡುವುದು ಹಿಮ್ಮುಖ ಲೆಕ್ಕ. ಈ ಕಾರನ್ನು 4,20,000ಕ್ಕೆ ಮಾರಬಹುದು ಎಂದು ಮೊದಲು ನಿಗದಿ ಮಾಡಿಕೊಂಡು, ಪಾಲಿಶ್, ಟೈರು, ಬ್ಯಾಟರಿ, ಬಂಪರ್ ಎಂದು ಖರ್ಚು ಕಳೆಯುತ್ತಾನೆ. ಕಾರು ಮಾರಾಟವಾಗುವ ತನಕದ ಬಡ್ಡಿ ಮತ್ತು ಜಾಗದ ಬಾಡಿಗೆ ಕಳೆಯುತ್ತಾನೆ. ಜಿಎಸ್‌ಟಿಯನ್ನೂ ಕಳೆಯುತ್ತಾನೆ. ನೋಂದಾಯಿತ ವ್ಯಾಪಾರಿಯು ಹಳೆಯ ಕಾರು ಮಾರಿದಾಗ ತನ್ನ ಮಾರ್ಜಿನ್ ಮೇಲಷ್ಟೇ ಜಿಎಸ್‌ಟಿ ಕಟ್ಟಬೇಕು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿ ಸಭೆಯ ತೀರ್ಮಾನದ ನಂತರ ಅದು ಸಣ್ಣ ಕಾರುಗಳಿಗೂ ಶೇ 12ರಿಂದ ಶೇ 18ಕ್ಕೆ ಏರಿತು. 3,60,000ಕ್ಕೆ ಕೊಂಡು 4,20,000ಕ್ಕೆ ಮಾರಿದರೆ 60,000ದ ಮೇಲೆ 10,800. "ಜಿಎಸ್‌ಟಿ ಜಾಸ್ತಿ ಆಗಿದೆ ಸರ್, ಅದಕ್ಕೇ ರೇಟ್ ಕಮ್ಮಿ" ಎಂದು ಯಾರಾದರೂ 40,000 ಇಳಿಸಲು ಬಂದರೆ ಈ ಲೆಕ್ಕವನ್ನು ಮುಂದಿಡಿ. ಆ ದಿನಗಳಲ್ಲಿ ವಾಟ್ಸ್ಆ್ಯಪ್ಪಿನಲ್ಲಿ ಹರಿದಾಡಿದ ಸುದ್ದಿ ಏನೇ ಹೇಳಲಿ, ಸ್ವಂತ ಬಳಕೆಯ ಕಾರು ಮಾರುವ ಸಾಮಾನ್ಯ ಮಾಲೀಕರು ಯಾವ ಜಿಎಸ್‌ಟಿಯನ್ನೂ ಕಟ್ಟಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಮನಸ್ಸು ಒಪ್ಪಲಿಕ್ಕಿಲ್ಲ, ಆದರೂ ಒಪ್ಪಿಸಬೇಕು. ನೀವು ಆ ಕಾರನ್ನು ಎಷ್ಟಕ್ಕೆ ಕೊಂಡಿರಿ ಎಂಬುದು ಯಾರ ಲೆಕ್ಕಕ್ಕೂ ಬಾರದು. ಅದೇ ಕಾರು ಇಂದು ಹೊಸದಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದು ಮಾತ್ರ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದು, ಸೆಸ್ ಕೂಡ ಹೋದಾಗ, ಹೊಸ ಕಾರಿನ ಬೆಲೆಯ ಜೊತೆಗೆ ಅಂಗಳದಲ್ಲಿ ನಿಂತ ಹಳೆಯದರ ಬೆಲೆಯೂ ಜಾರಿತು.

ಕಾರನ್ನು ಸಜ್ಜುಗೊಳಿಸುವುದು

ಮಾರುವ ಯೋಚನೆ ಬಂದ ತಿಂಗಳೇ ಕಾಗದಗಳನ್ನು ಒಂದು ಫೈಲಿಗೆ ಸೇರಿಸಿ. ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಮಾಲಿನ್ಯ ತಪಾಸಣೆ ಪ್ರಮಾಣಪತ್ರ, ಸರ್ವೀಸ್ ಬಿಲ್ಲುಗಳು, ಎರಡೂ ಕೀಲಿಗಳು. ಎರಡನೆಯ ಕೀಲಿ ಇಲ್ಲವೆಂಬ ಒಂದೇ ಕಾರಣಕ್ಕೆ ರಿಮೋಟ್ ಕೀಲಿಯ ಕಾರುಗಳಿಗೆ ಹಲವು ಸಾವಿರ ಇಳಿಸುತ್ತಾರೆ. ಬೀರುವಿನ ಯಾವ ಡಬ್ಬಿಯಲ್ಲಿದೆಯೋ ಈಗಲೇ ಹುಡುಕಿಡಿ.

ಸಾಲವಿದ್ದು ತೀರಿಸಿದ್ದರೆ, ಆರ್‌ಸಿಯಲ್ಲಿ ಬ್ಯಾಂಕಿನ ಹೈಪಾಥಿಕೇಶನ್, ಅಂದರೆ ಕಾರು ಸಾಲಕ್ಕೆ ಅಡವಾಗಿದೆ ಎಂಬ ನಮೂದು, ಇನ್ನೂ ಉಳಿದಿದೆಯೇ ನೋಡಿ. ಸಾಲ ಮುಗಿದ ಎಷ್ಟೋ ವರ್ಷಗಳ ನಂತರವೂ ಅದನ್ನು ತೆಗೆಸದವರೇ ಹೆಚ್ಚು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35 ಇದಕ್ಕೆ ಬೇಕು. ಸಾಲ ಇನ್ನೂ ನಡೆಯುತ್ತಿದ್ದರೆ ಬ್ಯಾಂಕಿನಿಂದ ಫೋರ್‌ಕ್ಲೋಶರ್ ಪತ್ರ ಪಡೆದು, ಬಾಕಿ ಎಷ್ಟೆಂದು ತಿಳಿದುಕೊಂಡೇ ಶೋರೂಮಿಗೆ ಹೋಗಿ.

ಸಂಚಾರ ದಂಡ ಬಾಕಿಯಿದ್ದರೆ ನೀವೇ ಕಟ್ಟಿ. ಕರ್ನಾಟಕ ಸರ್ಕಾರ 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತ್ತು. ಅಂಥ ಅವಕಾಶ ಇರುವಾಗ ಮುಗಿಸಿಕೊಂಡವರು ಜಾಣರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಕಾರಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಫಲಕ ಹಾಕಿಸಿರದಿದ್ದರೆ ಅದನ್ನೂ ಮುಗಿಸಿ. ಇವೆಲ್ಲ ಸಣ್ಣ ಮೊತ್ತಗಳೇ, ಆದರೆ ಬಾಕಿ ಇರುವ ಒಂದೊಂದೂ ಮೌಲ್ಯಮಾಪಕನ ಬಾಯಲ್ಲಿ ದುಪ್ಪಟ್ಟಾಗಿ ಹೊರಬರುತ್ತದೆ.

ರಿಪೇರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೊಂಚ ಕಟು: ದುಡ್ಡು ಹಾಕಬೇಡಿ. ಒಳಗೆ ಹೊರಗೆ ಚೆನ್ನಾಗಿ ತೊಳೆಸಿ, ಉರಿಯದ ಬಲ್ಬು ಬದಲಿಸಿ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತಿದ್ದರೆ ಮಾತ್ರ ಕಾರಣ ಹುಡುಕಿಸಿ. ಸವೆದ ಟೈರಿಗೆ ಹೊಸ ಟೈರು ಹಾಕಿಸಿದರೆ ಅಷ್ಟು ಹಣ ವಾಪಸು ಬರುವುದಿಲ್ಲ. ಬಾಗಿಲಿನ ಗೀರಿಗೆ ಬಣ್ಣ ಹೊಡೆಸಿದರೆ ಇನ್ನೂ ಕೆಟ್ಟದ್ದು, ಏಕೆಂದರೆ ಹೊಸ ಬಣ್ಣವೆಂದರೆ ಅಪಘಾತ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ. ಗೀರು ಗೀರಾಗಿಯೇ ಇರಲಿ, ಅದು ಪ್ರಾಮಾಣಿಕ.

ಹೊರಗಿನ ಬೆಲೆ ತಿಳಿಯುವುದು

ಶೋರೂಮಿಗೆ ಹೋಗುವ ವಾರದಲ್ಲೇ, ಮೊದಲಲ್ಲ, ಕನಿಷ್ಠ ಮೂರು ಕಡೆಯಿಂದ ಬೆಲೆ ಪಡೆಯಿರಿ. ಒಂದು, ಸ್ಪಿನ್ನಿ, ಕಾರ್ಸ್24ನಂಥ ಆನ್‌ಲೈನ್ ಖರೀದಿದಾರರು. ಎರಡು, ನಿಮ್ಮ ಕಾರಿನ ಕಂಪನಿಯದೇ ಹಳೆಯ ಕಾರಿನ ಮಳಿಗೆ. ಮೂರು, ನಿಮ್ಮ ಊರಿನಲ್ಲೇ ಗಾಡಿ ಕೊಂಡು ಮಾರುವ ವ್ಯಾಪಾರಿ; ನಿಮ್ಮ ಮೆಕ್ಯಾನಿಕ್ಕಿಗೆ ಅಂಥವರು ಇಬ್ಬರಾದರೂ ಗೊತ್ತಿರುತ್ತಾರೆ. ಆನ್‌ಲೈನ್‌ನಲ್ಲಿ ಮಾಹಿತಿ ತುಂಬಿದೊಡನೆ ತೋರಿಸುವ ಮೊತ್ತವನ್ನು ನಂಬಬೇಡಿ, ಅದು ಕರೆತರುವ ಬೆಲೆ. ಮನೆಗೆ ಬಂದು ಪರೀಕ್ಷಿಸಿದ ಮೇಲೆ ಕೊಡುವ ಮೊತ್ತವೇ ನಿಜ, ಮತ್ತು ಅದಕ್ಕೆ ಕೆಲವೇ ದಿನಗಳ ಆಯಸ್ಸು. ಓಎಲ್‌ಎಕ್ಸ್‌ನಲ್ಲಿ ನಿಮ್ಮಂಥದೇ ಕಾರಿಗೆ ಹಾಕಿರುವ ಬೆಲೆ ಕೇಳುವ ಬೆಲೆಯೇ ಹೊರತು ಸಿಕ್ಕ ಬೆಲೆಯಲ್ಲ. ತಿಂಗಳಾದರೂ ಕದಲದೆ ನಿಂತ ಜಾಹೀರಾತನ್ನು ಸಾಕ್ಷಿಯಾಗಿ ಶೋರೂಮಿಗೆ ಒಯ್ದರೆ ನಗೆಪಾಟಲಾಗುತ್ತದೆ.

ಎದುರಿನವರು ತಮ್ಮ ಸಾಕ್ಷಿಯಾಗಿ ವಿಮಾ ಪಾಲಿಸಿಯನ್ನು ತೋರಿಸುವುದುಂಟು: "ನೋಡಿ, ಇನ್ಶೂರೆನ್ಸ್‌ನಲ್ಲೇ ನಿಮ್ಮ ಗಾಡಿ ಬೆಲೆ ಮೂರು ಲಕ್ಷ." ಅದು ಐಡಿವಿ, ಅಂದರೆ ವಿಮೆಗಾಗಿ ಘೋಷಿಸಿದ ಕಾರಿನ ಮೌಲ್ಯ. ಕಾರಿನ ವಯಸ್ಸು ಒಂದು ವರ್ಷ ದಾಟಿದರೆ ಶೇ 20, ಎರಡು ದಾಟಿದರೆ ಶೇ 30, ಮೂರಕ್ಕೆ 40, ನಾಲ್ಕಕ್ಕೆ 50 ಎಂದು ಐದು ವರ್ಷದವರೆಗೆ ಯಾಂತ್ರಿಕವಾಗಿ ಸವಕಳಿ ಕಳೆದು ಉಳಿಯುವ ಮೊತ್ತ ಅದು. ಆನಂತರದ್ದು ವಿಮಾ ಕಂಪನಿ ಮತ್ತು ಮಾಲೀಕರ ನಡುವಿನ ಒಪ್ಪಂದ. ಬೇಡಿಕೆಯಿರುವ ಕಾರು ಅದಕ್ಕಿಂತ ಹೆಚ್ಚಿಗೆ ಹೋಗುತ್ತದೆ, ಬೇಡಿಕೆ ಇಲ್ಲದ್ದು ಕಡಿಮೆಗೆ.

ಊರಿನಿಂದ ಊರಿಗೂ ಬೆಲೆ ಬದಲಾಗುತ್ತದೆ. ಹೊರರಾಜ್ಯದ ನೋಂದಣಿಯ ಕಾರನ್ನು ಇಲ್ಲಿ ಮಾರುವುದಾದರೆ, ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ ಜೀವಿತಾವಧಿ ತೆರಿಗೆ ಕಟ್ಟುವ ಹೊರೆಯನ್ನು ವ್ಯಾಪಾರಿ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ಡೀಸೆಲ್ ಕಾರಿಗೆ ದೆಹಲಿಯ ಹತ್ತು ವರ್ಷದ ನಿರ್ಬಂಧವನ್ನು ಇಲ್ಲಿಗೆ ಎಳೆದು ತಂದು ಹೆದರಿಸಿದರೆ ಕಿವಿಗೊಡಬೇಡಿ. ನಮ್ಮಲ್ಲಿ ಖಾಸಗಿ ಕಾರು 15 ವರ್ಷದ ನಂತರ ಸುಸ್ಥಿತಿ ಪರೀಕ್ಷೆ ಮುಗಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಹಾಗಿದ್ದರೂ 14 ತುಂಬಿದ ಕಾರಿಗೆ ಒಳ್ಳೆಯ ಬೆಲೆ ನಿರೀಕ್ಷಿಸುವುದು ಸರಿಯಲ್ಲ. ಅದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು, ಹಾಗೆ ಒಪ್ಪಿಸಿದ್ದಕ್ಕೆ ಸಿಗುವ ಠೇವಣಿ ಪ್ರಮಾಣಪತ್ರ ಪಡೆದು, ಹೊಸ ಕಾರಿಗೆ ಸಿಗುವ ರಿಯಾಯಿತಿಯನ್ನು ಲೆಕ್ಕ ಹಾಕಿ ನೋಡುವುದು ಲೇಸು.

ಯಾವಾಗ ಹೋಗಬೇಕು

ಕ್ಯಾಲೆಂಡರಿನಷ್ಟೇ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಷಾಢದಲ್ಲಿ ಹೊಸ ವಾಹನ ಮನೆಗೆ ತರಬಾರದೆಂದು ನಂಬುವವರು ನಮ್ಮಲ್ಲಿ ಬಹಳ. ಆ ತಿಂಗಳು ಶೋರೂಮುಗಳು ಬಿಕೋ ಎನ್ನುತ್ತವೆ, ಮಾರಾಟದ ಗುರಿ ಮಾತ್ರ ಹಾಗೆಯೇ ಇರುತ್ತದೆ. ನಂಬಿಕೆಯಿಲ್ಲದವರು ನೇರವಾಗಿ ಕೊಳ್ಳಬಹುದು, ನಂಬಿಕೆಯಿದ್ದವರು ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣದಲ್ಲಿ ಕಾರು ತರಬಹುದು. ಪಿತೃಪಕ್ಷವೂ ಹೀಗೆಯೇ. ಅದೇ ಆಯುಧಪೂಜೆಗೆ, ದೀಪಾವಳಿಗೆ ಡೆಲಿವರಿ ಬೇಕೆಂದು ಹಟ ಹಿಡಿದು ಹೋದರೆ, ಚೌಕಾಸಿಗೆ ಅವರಿಗೆ ಪುರುಸೊತ್ತೇ ಇರುವುದಿಲ್ಲ.

ತಿಂಗಳ ಕೊನೆಯ ವಾರ ಮೊದಲ ವಾರಕ್ಕಿಂತ ಮೇಲು. ಡಿಸೆಂಬರ್ ತಿಂಗಳು ಇಬ್ಬಾಯಿ ಕತ್ತಿ: ಹೊಸ ಕಾರಿನ ಮೇಲೆ ದೊಡ್ಡ ರಿಯಾಯಿತಿ ಸಿಗುತ್ತದೆ, ಆದರೆ ಜನವರಿ 1ಕ್ಕೆ ಆ ಹೊಸ ಕಾರು "ಕಳೆದ ವರ್ಷದ ಮಾಡೆಲ್" ಆಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಮೂರು ವರ್ಷಕ್ಕೆ ಬದಲಿಸುವವರಿಗೆ ಇದೆ. ಹಳೆಯ ಕಾರಿನ ಮಟ್ಟಿಗಾದರೆ ಡಿಸೆಂಬರ್ 31ರೊಳಗೆ ಕೊಡುವುದೇ ಲಾಭ. ಹೊಸ ವರ್ಷ ಬಂದೊಡನೆ ಅದಕ್ಕೂ ಒಂದು ವಯಸ್ಸು ಕೂಡುತ್ತದೆ.

ಮೌಲ್ಯಮಾಪಕ ಕಾರು ನೋಡುವಾಗ

ಈ ಹೊತ್ತಿನಲ್ಲಿ ಒಳಗೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಹೊಸ ಕಾರಿನ ಬಣ್ಣ ಆರಿಸುತ್ತಿರುವುದು ದೊಡ್ಡ ತಪ್ಪು. ಹೊರಗೆ ಬನ್ನಿ, ಅವನ ಜೊತೆಯಲ್ಲೇ ಸುತ್ತಿ. ಜಗಳಕ್ಕಲ್ಲ, ಅವನು ಏನು ನೋಡುತ್ತಾನೆಂದು ತಿಳಿಯಲಿಕ್ಕೆ.

ಅನುಭವಿ ಮೌಲ್ಯಮಾಪಕ ಮೊದಲು ಬಾನೆಟ್ ಎತ್ತಿ ಅದರ ಬೋಲ್ಟುಗಳನ್ನು ನೋಡುತ್ತಾನೆ. ಬೋಲ್ಟಿನ ತಲೆಯ ಬಣ್ಣ ಕಿತ್ತಿದ್ದರೆ ಬಾನೆಟ್ ಅಥವಾ ಫೆಂಡರ್ ಒಮ್ಮೆ ಬಿಚ್ಚಲಾಗಿದೆ ಎಂದರ್ಥ. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಸರಿಸಿ ಕಂಬದ ಮೇಲಿನ ವೆಲ್ಡಿಂಗ್ ಚುಕ್ಕಿಗಳನ್ನು ನೋಡುತ್ತಾನೆ. ಕಾರ್ಖಾನೆಯ ಚುಕ್ಕಿಗಳು ಒಂದೇ ಅಂತರದಲ್ಲಿ ದುಂಡಗಿರುತ್ತವೆ, ಗ್ಯಾರೇಜಿನವು ಅಲ್ಲ. ಕೆಲವರ ಬಳಿ ಬಣ್ಣದ ದಪ್ಪ ಅಳೆಯುವ ಸಣ್ಣ ಯಂತ್ರವಿರುತ್ತದೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದ ಜಾಗದಲ್ಲಿ ಅದರ ಅಂಕಿ ದಿಢೀರನೆ ಏರುತ್ತದೆ.

ನಂತರ ಅವನು ಟೈರಿನ ಪಕ್ಕ ಕುಳಿತು ಅದರ ಬದಿಯ ಮೇಲಿನ ನಾಲ್ಕಂಕಿ ಓದುತ್ತಾನೆ. ನೀವೂ ಓದಿ. 2321 ಎಂದಿದ್ದರೆ ಆ ಟೈರು 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ನನ್ನ ಎರಡನೆಯ ಕಾರಿನ ಸಂದರ್ಭದಲ್ಲಿ "ನಾಲ್ಕೂ ಟೈರ್ ಹೋಗಿದೆ ಸರ್, ಹದಿನಾರು ಸಾವಿರ ಮೈನಸ್" ಎಂದವನನ್ನು ನಾನು ಮುಂದಿನ ಎರಡು ಟೈರುಗಳ ಬಳಿಗೆ ಕರೆದೊಯ್ದು ಆ ಅಂಕಿ ಓದಿಸಿದೆ. ಅವು ಹಾಕಿಸಿ ಹತ್ತು ತಿಂಗಳೂ ಆಗಿರಲಿಲ್ಲ, ಬಿಲ್ಲು ಫೈಲಿನಲ್ಲಿತ್ತು. ಅವನು ನಕ್ಕು, ಕಾಗದದ ಮೇಲೆ 16 ಎಂದಿದ್ದುದನ್ನು ಹೊಡೆದು 8 ಎಂದು ಬರೆದ. ಧ್ವನಿ ಏರಿಸಿದ್ದರೆ ಅದು ಆಗುತ್ತಿರಲಿಲ್ಲ.

ಅಪಘಾತದ ವಿಷಯವನ್ನು ಮುಚ್ಚಿಡಬೇಡಿ. ಕಂಪನಿ ಸರ್ವೀಸಿನ ದಾಖಲೆಯಲ್ಲಿ ಅದು ಹೇಗೂ ಸಿಗುತ್ತದೆ, ಒಮ್ಮೆ ಸಿಕ್ಕರೆ ಉಳಿದ ನಿಮ್ಮ ಮಾತುಗಳೂ ಬೆಲೆ ಕಳೆದುಕೊಳ್ಳುತ್ತವೆ. ಮೀಟರ್ ತಿರುಗಿಸುವ ಸಲಹೆ ಕೊಡುವ ಮಹಾನುಭಾವರೂ ಇದ್ದಾರೆ, ಅದು ಮೋಸ.

ಪರಿಶೀಲನೆ ಮುಗಿದ ಮೇಲೆ ಕಡಿತಗಳ ಪಟ್ಟಿಯನ್ನು ಬರೆದುಕೊಡಲು ಕೇಳಿ. "ಕಂಡೀಶನ್ ಸುಮಾರು" ಎಂಬ ಮಾತಿಗೆ ಎದುರಾಡಲು ಬರುವುದಿಲ್ಲ, "ಬ್ಯಾಟರಿ 4,000, ಬಂಪರ್ 6,000" ಎಂಬುದಕ್ಕೆ ಬರುತ್ತದೆ.

ಮೇಜಿನ ಮಾತು

ಇಲ್ಲಿ ಕ್ರಮವೇ ಮುಖ್ಯ. ಮೊದಲು ಹೊಸ ಕಾರಿನ ಲೆಕ್ಕ, ಅದು ಪೂರ್ತಿ ಬರವಣಿಗೆಯಲ್ಲಿ ಬಂದ ಮೇಲಷ್ಟೇ ಹಳೆಯದರ ಮಾತು. ಎಕ್ಸ್‌ಚೇಂಜ್ ಇದೆಯೇ ಎಂದು ಕೇಳಿದಾಗ ಇಲ್ಲವೆಂದು ಸುಳ್ಳು ಹೇಳಿ ಕೊನೆಯಲ್ಲಿ ಕಾರು ಹೊರತೆಗೆಯಿರಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದು ನನಗೆ ಹಿಡಿಸದು, ಅಗತ್ಯವೂ ಇಲ್ಲ. "ಇದೆ, ಆದ್ರೆ ಹೊರಗಡೆನೂ ಕೇಳಿದ್ದೀನಿ. ಮೊದ್ಲು ಹೊಸ ಗಾಡಿ ಲೆಕ್ಕ ಹಾಕಿ ಕೊಡಿ, ಇದನ್ನ ಆಮೇಲೆ ನೋಡೋಣ" ಎಂದರೆ ಸಾಕು.

ಆಮೇಲೆ ಬರುವ ಪ್ರಶ್ನೆ, "ನಿಮ್ಮ ಗಾಡಿಗೆ ಎಷ್ಟು ಎಕ್ಸ್‌ಪೆಕ್ಟ್ ಮಾಡ್ತಿದ್ದೀರಾ?" ಈ ಪ್ರಶ್ನೆಗೆ ಸಂಖ್ಯೆಯಲ್ಲಿ ಉತ್ತರಿಸಿದರೆ ಅದೇ ನಿಮ್ಮ ಗರಿಷ್ಠ ಬೆಲೆಯಾಗಿ ನಿಲ್ಲುತ್ತದೆ. ಅವರು 3,80,000 ಕೊಡಲು ತಯಾರಿದ್ದಲ್ಲಿ ನೀವು ಮೂರೂವರೆ ಎಂದುಬಿಟ್ಟರೆ, ಮೂವತ್ತು ಸಾವಿರ ಹೋದದ್ದು ನಿಮಗೆ ಎಂದೂ ತಿಳಿಯದು. "ನೀವು ದಿನಾ ನೋಡೋರು, ನೀವೇ ಹೇಳಿ" ಎಂದು ತಿರುಗಿಸಿ. ಅವರ ಮೊದಲ ಮಾತು ಬಂದ ಮೇಲೆ, ಕೈಯಲ್ಲಿರುವ ಹೊರಗಿನ ಹೆಚ್ಚಿನ ಬೆಲೆಯನ್ನು ಫೋನಿನಲ್ಲಿ ತೋರಿಸಿ, "ಇವರು ಇಷ್ಟಕ್ಕೆ ನಾಳೆನೇ ತಗೊಂಡು ಹೋಗ್ತಾರಂತೆ, ನಿಮ್ಮಿಂದ ಇದಕ್ಕಿಂತ ಎಷ್ಟು ಆಗುತ್ತೆ?" ಎಂದು ಕೇಳಿ ಸುಮ್ಮನಾಗಿ. ಆ ಮೌನ ತಡೆದುಕೊಳ್ಳಲಾಗದೆ ನಾವೇ "ಹೋಗಲಿ, ಒಂದೈದು ಸಾವಿರ ಆಚೆ ಈಚೆ" ಎಂದು ಬಾಯಿ ಬಿಡುವುದು ಸಾಮಾನ್ಯ. ನೀರು ಕುಡಿಯಿರಿ, ಬ್ರೋಷರ್ ತಿರುವಿ.

"ಮ್ಯಾನೇಜರ್ ಹತ್ರ ಕೇಳ್ಕೊಂಡ್ ಬರ್ತೀನಿ" ಎಂದು ಎದ್ದು ಹೋಗುವುದು ಈ ಆಟದ ಒಂದು ಅಂಕ. ನೀವೂ ಮನೆಯಲ್ಲಿ ಕೇಳಬೇಕು ಎನ್ನಬಹುದು; ವಾಸ್ತವವಾಗಿ ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ದು, ಲೆಕ್ಕ ಬರೆಯುವ ಕೆಲಸವನ್ನು ಅವರಿಗೆ ವಹಿಸುವುದು ಬಹಳ ಒಳ್ಳೆಯದು. ನಮ್ಮ ಮನೆಯಲ್ಲಿ ಆ ಪುಸ್ತಕ ನನ್ನ ಹೆಂಡತಿಯ ಕೈಯಲ್ಲಿರುತ್ತದೆ. ಹಳೆಯ ಕಾರಿನ ಬೆಲೆ ಐದು ಸಾವಿರ ಏರಿದಾಗಲೆಲ್ಲ ಅವಳು ತಲೆ ಎತ್ತದೆ, "ಹಾಗಾದ್ರೆ ಆ ಮೂವತ್ತು ಸಾವಿರ ಡಿಸ್ಕೌಂಟು ಇನ್ನೂ ಇದೆ ತಾನೇ?" ಎಂದು ಕೇಳುತ್ತಾಳೆ. ಜೇಬಿನಿಂದ ಜೇಬಿಗೆ ಹಣ ಸಾಗುವುದನ್ನು ತಡೆಯುವ ಪ್ರಶ್ನೆ ಇದೊಂದೇ.

ಎಕ್ಸ್‌ಚೇಂಜ್ ಬೋನಸ್ಸನ್ನು ಹಳೆಯ ಕಾರಿನ ಬೆಲೆಯೊಳಗೆ ಕಲಸಲು ಬಿಡಬೇಡಿ. ಅದು ಸಾಮಾನ್ಯವಾಗಿ ಕಾರು ತಯಾರಕರು ಆ ತಿಂಗಳ ಯೋಜನೆಯಂತೆ ಕೊಡುವ ಹಣ, ನಿಮ್ಮ ಕಾರು ಚೆನ್ನಾಗಿದೆಯೋ ಇಲ್ಲವೋ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಕಾರನ್ನು ಹೊರಗೆ ಮಾರಿ, ಹೆಸರು ವರ್ಗಾವಣೆಯಾದ ಆರ್‌ಸಿಯ ಪ್ರತಿ ಒಪ್ಪಿಸಿದರೂ ಕೆಲವು ಕಡೆ ಬೋನಸ್ ಕೊಡುತ್ತಾರೆ. ಕಾರು ತಂದೆಯ ಅಥವಾ ಪತ್ನಿಯ ಹೆಸರಿನಲ್ಲಿದ್ದರೂ ಸಂಬಂಧದ ದಾಖಲೆ ಕೊಟ್ಟರೆ ಒಪ್ಪುವುದುಂಟು. ಹೊರಗಿನ ಬೆಲೆ ಹೆಚ್ಚಿದ್ದರೆ ಈ ದಾರಿಯನ್ನು ಮೊದಲೇ ಕೇಳಿಡಿ.

ನೋ ಕ್ಲೈಮ್ ಬೋನಸ್ ಇನ್ನೊಂದು. ಅದು ಕಾರಿನದಲ್ಲ, ಮಾಲೀಕರದು. ಐದು ವರ್ಷ ಕ್ಲೈಮ್ ಇಲ್ಲದಿದ್ದರೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಶೇ 50ರ ತನಕ ಸಿಗುವ ಈ ರಿಯಾಯಿತಿಯನ್ನು ಹೊಸ ಕಾರಿಗೆ ಒಯ್ಯಬಹುದು. ಹಳೆಯ ವಿಮಾ ಕಂಪನಿಯಿಂದ ಪತ್ರ ಪಡೆದಿಟ್ಟರೆ ಮೂರು ವರ್ಷದವರೆಗೆ ಅದಕ್ಕೆ ಬೆಲೆಯಿದೆ. ಮೇಲಿನ ಉದಾಹರಣೆಯಲ್ಲಿ 48,000 ಮತ್ತು 36,000ದ ನಡುವಿನ ಅಂತರ ಹೆಚ್ಚಾಗಿ ಇದರಿಂದಲೇ ಹುಟ್ಟುವುದು. ಶೋರೂಮಿನವರು ತಾವಾಗಿ ಇದನ್ನು ನೆನಪಿಸುವುದು ಅಪರೂಪ.

ಒಪ್ಪಿದ ಬೆಲೆಯನ್ನು ಕಟ್ಟಿಹಾಕುವುದು

ಮೊದಲ ಸಲ ನಾನು ಇನ್ನೊಂದು ಕಡೆಯೂ ಎಡವಿದೆ. ಬೆಲೆ ಬಾಯಿಮಾತಿನಲ್ಲಿ ಒಪ್ಪಿ ಮುಂಗಡ ಕೊಟ್ಟು ಬಂದೆ. ಹೊಸ ಕಾರು ಬರಲು ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಹಳೆಯದು ಎರಡು ಸಲ ಊರಿಗೆ ಹೋಗಿ ಬಂದಿತ್ತು. ಡೆಲಿವರಿಯ ಬೆಳಿಗ್ಗೆ, ಹೊಸ ಕಾರಿಗೆ ಹಾರ ಹಾಕಿ ನಿಂಬೆಹಣ್ಣು ಇಡುವ ಹೊತ್ತಿಗೆ, "ಕಿಲೋಮೀಟರ್ ಜಾಸ್ತಿ ಆಗಿದೆ, ಮಾರ್ಕೆಟ್ಟೂ ಡೌನ್ ಆಗಿದೆ, ಇಪ್ಪತ್ತೆರಡು ಸಾವಿರ ಕಡಿಮೆ ಆಗುತ್ತೆ ಸರ್" ಎಂದರು. ಮನೆಮಂದಿಯೆಲ್ಲ ಹೊಸ ಬಟ್ಟೆ ಉಟ್ಟು ನಿಂತಿದ್ದರು. ನಾನು ತೆತ್ತೆ.

ಆದುದರಿಂದ ಬುಕಿಂಗ್ ಫಾರ್ಮಿನಲ್ಲೇ ಹಳೆಯ ಕಾರಿನ ನೋಂದಣಿ ಸಂಖ್ಯೆ, ಒಪ್ಪಿದ ಬೆಲೆ, ಬೋನಸ್ ಪ್ರತ್ಯೇಕವಾಗಿ, ಆ ಬೆಲೆ ಯಾವ ದಿನಾಂಕದವರೆಗೆ ಮತ್ತು ಎಷ್ಟು ಕಿಲೋಮೀಟರ್ ಓಡುವವರೆಗೆ ಎಂಬುದನ್ನು ಬರೆಸಿ, ಮೊಹರು ಹಾಕಿಸಿಕೊಳ್ಳಿ. ಕಾಯುವ ಅವಧಿ ಎರಡು ತಿಂಗಳು ಮೀರುವಂತಿದ್ದರೆ ಬೆಲೆ ಕೊಂಚ ಇಳಿಯುವುದು ನ್ಯಾಯವೇ. ಎಷ್ಟು ಇಳಿಯುತ್ತದೆ ಎಂಬುದನ್ನೂ ಈಗಲೇ ಬರೆಸಿದರಾಯಿತು. ಅವರು ಬರೆದುಕೊಡಲು ಒಪ್ಪದಿದ್ದರೆ, ಹಳೆಯ ಕಾರನ್ನು ಆ ವಾರ ಯಾರು ಹೆಚ್ಚು ಕೊಡುತ್ತಾರೋ ಅವರಿಗೆ ಕೊಡುವ ಸ್ವಾತಂತ್ರ್ಯ ನಿಮ್ಮಲ್ಲೇ ಇರಲಿ.

ಕೀಲಿ ಕೊಡುವ ದಿನ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಹಳೆಯ ಕಾರಿಗೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಕಾರು ಕೈಬಿಟ್ಟರೂ ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೆ ಕಾನೂನಿನ ಕಣ್ಣಿನಲ್ಲಿ ಮಾಲೀಕರು ನೀವೇ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ, ಕಾರು ಒಬ್ಬರಿಂದೊಬ್ಬರಿಗೆ ಹಲವು ಬಾರಿ ಕೈ ಬದಲಿಸಿದ್ದರೂ ನೋಂದಣಿ ಮೊದಲಿನವರ ಹೆಸರಿನಲ್ಲೇ ಇದ್ದ ಕಾರಣ, ಅಪಘಾತದ ಪರಿಹಾರದ ಹೊಣೆ ಅವರ ಮೇಲೆಯೇ ಬಂತು. ಹೆಸರು ವರ್ಗಾವಣೆ ಮಾಡದ ವ್ಯಾಪಾರಿ ಹತ್ತು ಸಾವಿರ ಹೆಚ್ಚು ಕೊಟ್ಟರೂ ನಾನು ಅವನ ಕಡೆ ಹೋಗುವುದಿಲ್ಲ.

ವ್ಯಾಪಾರಿಗಳು ಹೆಸರು ವರ್ಗಾವಣೆಗೆ ಬೇಕಾದ ಫಾರ್ಮ್ 29 ಮತ್ತು 30ನ್ನು ಖಾಲಿ ಇಟ್ಟೇ ಸಹಿ ಪಡೆದು, ಕೊನೆಯ ಗಿರಾಕಿ ಸಿಗುವ ತನಕ ಅವನ್ನು ಡ್ರಾಯರಿನಲ್ಲಿಡುವ ಪದ್ಧತಿ ಬಹಳ ಹಿಂದಿನಿಂದ ಇದೆ. ಇದಕ್ಕೆ ಪರಿಹಾರವಾಗಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರ್‌ಟಿಒದಿಂದ ಅಧಿಕಾರಪತ್ರ ಪಡೆದ ಹಳೆಯ ವಾಹನಗಳ ಡೀಲರ್‌ಗೆ ಕಾರು ಒಪ್ಪಿಸಿದಾಗ ಫಾರ್ಮ್ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಿದರೆ, ಆ ಕ್ಷಣದಿಂದ ಡೀಲರನೇ ಆ ಕಾರಿನ ಪರಿಗಣಿತ ಮಾಲೀಕನಾಗುತ್ತಾನೆ, ಮುಂದಿನ ಹೊಣೆಯೂ ಅವನದೇ. ಬೆಲೆಯ ಮಾತಿನ ನಡುವೆಯೇ "ನಿಮ್ಮಲ್ಲಿ ಇಪ್ಪತ್ತೊಂಬತ್ತು ಸಿ ಮಾಡಿಕೊಡ್ತೀರಾ?" ಎಂದು ಕೇಳಿ. ಆ ಹೆಸರೇ ಕೇಳಿಲ್ಲವೆಂಬ ಮುಖಭಾವ ಕಂಡರೆ, ಖರೀದಿದಾರನ ಹೆಸರು ಮತ್ತು ದಿನಾಂಕ ತುಂಬಿದ ಫಾರ್ಮುಗಳಿಗಷ್ಟೇ ಸಹಿ ಹಾಕಿ, ಅವುಗಳ ಫೋಟೊ ಇಟ್ಟುಕೊಳ್ಳಿ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ.

ಕೀಲಿ ಕೊಡುವಾಗ ಶೋರೂಮಿನ ಲೆಟರ್‌ಹೆಡ್ಡಿನಲ್ಲಿ ಡೆಲಿವರಿ ಪತ್ರ ಪಡೆಯಿರಿ: ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿಸ್ ಸಂಖ್ಯೆ, ಓಡೊಮೀಟರ್ ಅಂಕಿ, ದಿನಾಂಕ, ಗಂಟೆ–ನಿಮಿಷ ಸಹಿತ. ಗಂಟೆ ಏಕೆಂದರೆ, ಅದೇ ಸಂಜೆ ಸಿಗ್ನಲ್ ಹಾರಿದ ದಂಡ ನಿಮ್ಮ ಫೋನಿಗೆ ಬರಬಹುದು. ಫಾಸ್ಟ್ಯಾಗನ್ನು ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಗಾಜಿನಿಂದ ಕಿತ್ತುಬಿಡಿ. ಬ್ಲೂಟೂತಿನಲ್ಲಿ ಉಳಿದ ಫೋನ್ ನಂಬರುಗಳನ್ನು ಅಳಿಸಿ. ಕಾರಿನ ಹಣ ಹೊಸ ಕಾರಿನ ಬಿಲ್ಲಿಗೆ ಹೊಂದಿಕೆಯಾಗದೆ ಕೈಗೆ ಬರುವುದಾದರೆ ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಆಮೇಲೆ ತಿಂಗಳಿಗೊಮ್ಮೆ ಪರಿವಾಹನ್ ಜಾಲತಾಣದಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ಹಳೆಯ ಕಾರಿನ ಸಂಖ್ಯೆ ಹಾಕಿ ನೋಡುತ್ತಿರಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಅಲ್ಲಿ ನಕ್ಷತ್ರ ಚಿಹ್ನೆಯಿಂದ ಮರೆಮಾಡಿರುತ್ತಾರೆ, ಆದರೂ ಅದು ನಿಮ್ಮದಲ್ಲ ಎಂದು ತಿಳಿಯಲು ಉಳಿದ ಅಕ್ಷರಗಳೇ ಸಾಕು. ಆ ಹೆಸರು ಬದಲಾದ ದಿನ ಡೆಲಿವರಿ ಪತ್ರವನ್ನು ಮೇಜಿನಿಂದ ತೆಗೆದು ಬೀರುವಿನ ಫೈಲಿಗೆ ಸೇರಿಸಬಹುದು.